ದಡಾರದ ಲೆಕ್ಕದಲ್ಲಿ ತೊಂಬತ್ತೆರಡು ಸಾಲದು

ದಡಾರ ಮತ್ತು ಅದರಂತೆಯೇ ಜ್ವರ, ದದ್ದು ತರುವ ರುಬೆಲ್ಲಾ ರೋಗಗಳ ನಿರ್ಮೂಲನೆಯ ಬಗ್ಗೆ ಈಚೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಶಿವಮೊಗ್ಗ ಜಿಲ್ಲೆಯ ಮಲೆನಾಡು ತಾಲ್ಲೂಕುಗಳಿಂದ ಬಂದವು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇನೆ. ಹೆಸರು ಪ್ರಕಟಿಸುವುದು ಬೇಡವೆಂದು ಹಲವರು ಕೋರಿದ್ದರಿಂದ ಎಲ್ಲರ ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮೂರಿನಲ್ಲಿ ದಡಾರ ಕಾಣಿಸಿಕೊಂಡು ಎಷ್ಟೋ ವರ್ಷಗಳಾದವು. ಆದರೂ ಆಶಾ ಕಾರ್ಯಕರ್ತೆ ಮತ್ತೆ ಮತ್ತೆ ಬಂದು ಮೊಮ್ಮಗನ ತಾಯಿ ಕಾರ್ಡ್ ತೋರಿಸಿ ಎನ್ನುತ್ತಾರೆ, ಎರಡನೇ ಡೋಸ್ ಬಾಕಿಯಿದೆ ಎಂದು ಬೆನ್ನು ಬಿಡುವುದಿಲ್ಲ. ಅವನಿಗೀಗ ಮೂರು ವರ್ಷ. ಊರಿನ ಮಕ್ಕಳಿಗೆಲ್ಲ ಲಸಿಕೆ ಆಗಿರುವಾಗ ಒಂದೆರಡು ಮಕ್ಕಳು ಬಿಟ್ಟುಹೋದರೆ ಏನು ಮಹಾ ಆಗುತ್ತದೆ?
— ಅಜ್ಜಿಯೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅಮ್ಮಾ, ದಡಾರ ಮತ್ತು ರುಬೆಲ್ಲಾವನ್ನು ತೊಲಗಿಸುವ ರಾಷ್ಟ್ರೀಯ ಕಾರ್ಯಕ್ರಮ ಸದ್ಯಕ್ಕೆ ಎಡವುತ್ತಿರುವುದೇ ನೀವು ಹೇಳಿದ ಆ ‘ಒಂದೆರಡು ಮಕ್ಕಳ’ ಹತ್ತಿರ. ಆದ್ದರಿಂದ ಉತ್ತರ ತುಸು ದೀರ್ಘವಾದರೆ ಬೇಸರಿಸಬೇಡಿ.

ದಡಾರದ ಲಸಿಕೆ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ್ದು 1985ರಲ್ಲಿ. ಒಂದು ಡೋಸ್ ಸಾಲದು ಎಂಬುದು ಅನುಭವಕ್ಕೆ ಬಂದ ಮೇಲೆ 2010ರಲ್ಲಿ ಎರಡನೆಯದನ್ನು ಸೇರಿಸಲಾಯಿತು. 2017ರ ಫೆಬ್ರವರಿ 5ರಂದು ರುಬೆಲ್ಲಾವನ್ನೂ ಜೊತೆಗೂಡಿಸಿದ ಎಂ.ಆರ್. (ಮೀಸಲ್ಸ್-ರುಬೆಲ್ಲಾ) ಲಸಿಕೆಯ ದೊಡ್ಡ ಅಭಿಯಾನ ಆರಂಭವಾಯಿತು. ಆ ಉದ್ಘಾಟನೆ ನಡೆದದ್ದು ಬೆಂಗಳೂರಿನಲ್ಲೇ, ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆಲ್ಲ ಶಾಲೆಯಲ್ಲೇ ಚುಚ್ಚುಮದ್ದು ಹಾಕಿದ್ದು ನಿಮ್ಮ ಮನೆಯ ದೊಡ್ಡ ಮಕ್ಕಳಿಗೆ ನೆನಪಿರಬಹುದು. ದೇಶದಾದ್ಯಂತ ಸುಮಾರು 41 ಕೋಟಿ ಮಕ್ಕಳನ್ನು ತಲುಪುವ ಗುರಿ ಅದಕ್ಕಿತ್ತು. ಈ ಎರಡೂ ರೋಗಗಳನ್ನು 2023ರೊಳಗೆ ತೊಲಗಿಸಬೇಕೆಂದು ಮೊದಲು ನಿಶ್ಚಯಿಸಲಾಗಿತ್ತು, ಅದು ಕೈಗೂಡದೆ ಗಡುವನ್ನು 2026ಕ್ಕೆ ಮುಂದೂಡಲಾಯಿತು. 2025ರ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವ ಜೆ. ಪಿ. ನಡ್ಡಾ ಅವರು ಇದಕ್ಕೆಂದೇ ಮತ್ತೊಂದು ಅಭಿಯಾನಕ್ಕೆ ಚಾಲನೆ ಕೊಟ್ಟರು. ಆಗ ಸರ್ಕಾರ ಹೊರಗೆಡವಿದ ಅಂಕಿಗಳ ಪ್ರಕಾರ ದೇಶದ ಮಕ್ಕಳಲ್ಲಿ ಮೊದಲ ಡೋಸ್ ಪಡೆದವರು ನೂರಕ್ಕೆ 93.7, ಎರಡನೆಯದನ್ನೂ ಪಡೆದವರು 92.2.

ಶಾಲೆಯ ಅಂಕಪಟ್ಟಿಯಲ್ಲಾದರೆ ಇದು ಡಿಸ್ಟಿಂಕ್ಷನ್. ದಡಾರದ ಲೆಕ್ಕದಲ್ಲಿ ಇನ್ನೂ ಪಾಸಾಗಿಲ್ಲ.

ಹೇಗೆಂದು ನೋಡೋಣ. ಒಂದೂರಿನಲ್ಲಿ ನೂರು ಮಕ್ಕಳಿದ್ದಾರೆ ಎಂದುಕೊಳ್ಳಿ. ಮೊದಲ ಡೋಸ್ 93 ಮಕ್ಕಳಿಗೆ ಸಿಕ್ಕಿತು. ಒಂಬತ್ತು ತಿಂಗಳಲ್ಲಿ ಕೊಡುವ ಈ ಡೋಸ್ ನೂರರಲ್ಲಿ ಸುಮಾರು 85 ಮಕ್ಕಳಲ್ಲಷ್ಟೇ ನಾಟುತ್ತದೆ, ಏಕೆಂದರೆ ತಾಯಿಯಿಂದ ಬಂದ ಪ್ರತಿಕಾಯಗಳು ಆ ವಯಸ್ಸಿನಲ್ಲಿ ಕೆಲವು ಕೂಸುಗಳ ಮೈಯಲ್ಲಿ ಇನ್ನೂ ಉಳಿದಿದ್ದು, ಲಸಿಕೆಯ ದುರ್ಬಲ ವೈರಾಣುವನ್ನು ಅದು ಕೆಲಸ ಮಾಡುವ ಮೊದಲೇ ಹೊಸಕಿಹಾಕಿಬಿಡುತ್ತವೆ. ಅಂದರೆ 93ರಲ್ಲಿ ನಿಜವಾಗಿ ರಕ್ಷಣೆ ಪಡೆದವರು 79. ಉಳಿದ 21 ಮಕ್ಕಳು ಬಯಲಲ್ಲೇ ನಿಂತಿದ್ದಾರೆ, ಅವರಲ್ಲಿ ಹದಿನಾಲ್ಕು ಮಂದಿಯ ಮನೆಯವರು ಮಗುವಿಗೆ ಲಸಿಕೆಯಾಗಿದೆ ಎಂದು ನಿಶ್ಚಿಂತೆಯಿಂದ ಇದ್ದಾರೆ. ಇವರನ್ನು ಹಿಡಿಯುವುದಕ್ಕೇ ಎರಡನೇ ಡೋಸ್ ಇರುವುದು. ಅದೂ 92 ಮಕ್ಕಳಿಗೆ ಸಿಕ್ಕಿದರೆ ಊರಿನಲ್ಲಿ ರಕ್ಷಣೆ ಪಡೆದವರ ಸಂಖ್ಯೆ ಸುಮಾರು 90ಕ್ಕೆ ಬಂದು ನಿಲ್ಲುತ್ತದೆ. ದಡಾರ ಹಬ್ಬದಂತೆ ತಡೆಯಲು ಬೇಕಾದದ್ದು 95ರ ಆಸುಪಾಸು.

ಇಷ್ಟು ಎತ್ತರದ ಬೇಲಿ ಏಕೆ ಬೇಕೆಂದರೆ, ಅಷ್ಟು ಸುಲಭವಾಗಿ ಅಂಟುವ ರೋಗಗಳು ಬಹಳಿಲ್ಲ. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೆಂಟು ಮಂದಿಗೆ ಅದು ದಾಟಬಲ್ಲದು. ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ವೈರಾಣು ಗಾಳಿಯಲ್ಲಿ ಉಳಿಯುತ್ತದೆ. ಮಲೆನಾಡಿನ ಒಂಟಿಮನೆಗಳಿಗೆ ಇದು ಬರುವುದೆಲ್ಲಿಂದ ಎಂದು ನೀವು ಕೇಳಬಹುದು. ಆಗುಂಬೆ ಕಡೆಯ ಜಡಿಮಳೆಯಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಹೋಗುವ ಬಸ್ಸನ್ನು ನೆನೆಸಿಕೊಳ್ಳಿ. ಜ್ವರ ಬಂದ ಮಗು ಇಳಿದುಹೋದ ಅರ್ಧ ಗಂಟೆಯ ಮೇಲೆ ಹತ್ತಿ ಅದೇ ಸೀಟಿನಲ್ಲಿ ಕುಳಿತ ಮಗುವಿಗೂ ಸೋಂಕು ತಗಲಬಹುದು. ಮೈಮೇಲೆ ದದ್ದು ಏಳುವ ನಾಲ್ಕು ದಿನ ಮೊದಲೇ ರೋಗ ಹರಡಲು ಶುರುವಾಗುವುದರಿಂದ, ಆ ಮಗುವಿಗೆ ದಡಾರವಿದೆಯೆಂದು ಅದರ ತಾಯಿಗೂ ಆಗ ಗೊತ್ತಿರುವುದಿಲ್ಲ.

ಇನ್ನು ನಿಮ್ಮ ಮೊಮ್ಮಗನ ವಿಚಾರ. ಎರಡನೇ ಡೋಸನ್ನು 16ರಿಂದ 24 ತಿಂಗಳ ನಡುವೆ ಕೊಡಬೇಕು, ತಪ್ಪಿಹೋಗಿದ್ದರೆ ಐದು ವರ್ಷದವರೆಗೂ ಸರ್ಕಾರಿ ಕೇಂದ್ರದಲ್ಲಿ ಉಚಿತವಾಗಿ ಹಾಕುತ್ತಾರೆ. ತಡವಾಯಿತೆಂದು ಮೊದಲಿನಿಂದ ಆರಂಭಿಸಬೇಕಾಗಿಲ್ಲ, ಬಾಕಿಯಿರುವುದನ್ನು ಹಾಕಿಸಿದರಾಯಿತು. ಆ ಆಶಾ ಕಾರ್ಯಕರ್ತೆಯ ಮೇಲೆ ಸಿಟ್ಟಾಗಬೇಡಿ, ಮೇಲಿನ ಲೆಕ್ಕದ ಆ ಹದಿನಾಲ್ಕು ಮಕ್ಕಳಲ್ಲಿ ನಿಮ್ಮ ಮೊಮ್ಮಗನೂ ಒಬ್ಬನಿರಬಹುದು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕಡೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಸಿಗಂದೂರು ಸೇತುವೆ ಆಗುವ ಮೊದಲು ಲಾಂಚ್ ದಾಟಿಕೊಂಡು ಲಸಿಕೆ ಬರುತ್ತಿತ್ತು. ಹೀಗೆ ಬಂದ ಲಸಿಕೆ ಕೆಟ್ಟಿಲ್ಲವೆಂದು ತಿಳಿಯುವುದು ಹೇಗೆ?
— ಶಿಕ್ಷಕರೊಬ್ಬರು, ತುಮರಿ ಭಾಗ, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದು. ಎಂ.ಆರ್. ಲಸಿಕೆ ಬಿಸಿಗೆ ಬೇಗ ಬಾಡುವಂಥದ್ದು. 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಅದು ಇರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ಬಳಸುವುದು ಮನೆಯ ಫ್ರಿಜ್ಜನ್ನಲ್ಲ, ಐ.ಎಲ್.ಆರ್. ಎಂಬ ಪೆಟ್ಟಿಗೆಯನ್ನು. ಅದರ ಒಳಗೋಡೆಯ ಸುತ್ತ ಮಂಜುಗಡ್ಡೆಯ ಪದರವಿರುವುದರಿಂದ, ಮುಚ್ಚಳ ತೆರೆಯದಿದ್ದರೆ ಕರೆಂಟ್ ಹೋದ ಮೇಲೂ ಬಹಳ ಹೊತ್ತು ತಣ್ಣಗಿರುತ್ತದೆ. ಬೆಳಿಗ್ಗೆ ಸಂಜೆ ಉಷ್ಣಾಂಶ ಬರೆದಿಡುವ ಪುಸ್ತಕವೊಂದು ಅದರ ಪಕ್ಕದಲ್ಲೇ ತೂಗುತ್ತಿರುತ್ತದೆ. ಅಲ್ಲಿಂದ ಹಳ್ಳಿಗೆ ಹೊರಡುವಾಗ ಹೆಗಲಿಗೆ ಹಾಕಿಕೊಳ್ಳುವ ಕ್ಯಾರಿಯರ್‌ನಲ್ಲಿ ನಾಲ್ಕು ಬದಿಗೆ ನಾಲ್ಕು ಐಸ್‌ಪ್ಯಾಕ್ ಇಟ್ಟು ನಡುವೆ ಸೀಸೆಗಳನ್ನು ಇಡುತ್ತಾರೆ.

ಆದರೆ ಪುಸ್ತಕವನ್ನು ನಂಬಬೇಕಾಗಿಲ್ಲ, ಸೀಸೆಯನ್ನೇ ನೋಡಿ. ಒಡೆಯದ ಸೀಸೆಯ ಮೇಲೆ ಒಂದು ಸಣ್ಣ ನೇರಳೆ ವೃತ್ತ, ಅದರೊಳಗೆ ತಿಳಿ ಬಣ್ಣದ ಒಂದು ಚೌಕ ಇರುತ್ತದೆ. ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ, ಒಮ್ಮೆ ಕಪ್ಪಾದದ್ದು ಮತ್ತೆ ತಿಳಿಯಾಗುವುದಿಲ್ಲ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಳಸಬಹುದು. ಎರಡೂ ಒಂದೇ ಬಣ್ಣಕ್ಕೆ ಬಂದಿದ್ದರೆ ಅಥವಾ ಚೌಕವೇ ಹೆಚ್ಚು ಕಪ್ಪಾಗಿದ್ದರೆ ಅದನ್ನು ಎಸೆಯಬೇಕು. ತೋರಿಸಿ ಎಂದು ಕೇಳುವ ಹಕ್ಕು ತಂದೆತಾಯಿಗಳಿಗಿದೆ, ತನ್ನ ಕೆಲಸ ಬಲ್ಲ ನರ್ಸ್ ಇದಕ್ಕೆ ಮುಖ ಸಿಂಡರಿಸುವುದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಸೀಸೆಯಲ್ಲಿರುವುದು ಪುಡಿ. ಅದರ ಜೊತೆಗೇ ಬರುವ ದ್ರಾವಕವನ್ನು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಮಿಕ್ಕದ್ದನ್ನು ಚೆಲ್ಲಬೇಕು. ಬೆರೆಸಿದ ಹೊತ್ತನ್ನು ಸೀಸೆಯ ಮೇಲೆ ಬರೆಯುವುದು ಕಡ್ಡಾಯ. ಜೊತೆಗೆ ಬಂದ ದ್ರಾವಕವನ್ನೇ ಬೆರೆಸಬೇಕೆಂಬ ನಿಯಮ ಪುಸ್ತಕಕ್ಕಷ್ಟೇ ಸೀಮಿತವಲ್ಲ. ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ 2018ರಲ್ಲಿ ದ್ರಾವಕದ ಬದಲು ಸ್ನಾಯುಗಳನ್ನು ಸಡಿಲಗೊಳಿಸುವ ಔಷಧಿಯನ್ನು ಬೆರೆಸಿದ್ದರಿಂದ ಎರಡು ಕೂಸುಗಳು ಸತ್ತವು. ತಪ್ಪು ಬೆರೆಸಿದವರದು, ಅಪನಂಬಿಕೆ ಬಂದದ್ದು ಲಸಿಕೆಯ ಮೇಲೆ. ಜನ ಲಸಿಕೆ ಹಾಕಿಸುವುದನ್ನೇ ಬಿಟ್ಟರು. ಮರುವರ್ಷ ದಡಾರ ಬಂದಾಗ ಆ ಪುಟ್ಟ ದೇಶದಲ್ಲಿ 83 ಮಂದಿ ತೀರಿಕೊಂಡರು, ಹೆಚ್ಚಿನವರು ಎಳೆಯ ಮಕ್ಕಳು.

ನನ್ನದೇ ಒಂದು ಅನುಭವವಿದೆ. ಬಹಳ ಹಿಂದೆ ಮಲೆನಾಡಿನ ಒಂದು ಆರೋಗ್ಯ ಕೇಂದ್ರದಲ್ಲಿದ್ದಾಗ ಮಧ್ಯಾಹ್ನ ಮೂರಕ್ಕೆ ತಾಯಿಯೊಬ್ಬಳು ಮಳೆಯಲ್ಲಿ ನೆನೆದುಕೊಂಡು, ಕೂಸನ್ನು ಕಂಬಳಿಕೊಪ್ಪೆಯೊಳಗೆ ಎದೆಗವಚಿಕೊಂಡು ಆರು ಮೈಲಿ ನಡೆದು ಬಂದಳು. ತೆರೆದ ಸೀಸೆಯ ಹೊತ್ತು ಆಗಲೇ ಮೀರಿತ್ತು. ಒಂದು ಮಗುವಿಗಾಗಿ ಹೊಸ ಸೀಸೆ ಒಡೆದರೆ ಉಳಿದ ಡೋಸುಗಳು ವ್ಯರ್ಥವಾಗುತ್ತವೆ, ಮೇಲಿನವರಿಗೆ ಲೆಕ್ಕ ಕೊಡಬೇಕು ಎಂಬ ಅಂಜಿಕೆಯಿಂದ ನಾನು ಅವಳನ್ನು ಮುಂದಿನ ವಾರ ಬಾ ಎಂದು ಕಳಿಸಿಬಿಟ್ಟೆ. ಅವಳು ಮತ್ತೆ ಬರಲಿಲ್ಲ. ಲಸಿಕೆ ಸ್ವಲ್ಪ ಪೋಲಾದರೂ ಸರಿ, ಬಂದ ಮಗುವನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಈಗ ಸಿಬ್ಬಂದಿಗೆ ಹೇಳಿಕೊಡುತ್ತಾರೆ. ನಿಮ್ಮೂರಿನಲ್ಲಿ ಯಾರಾದರೂ ‘ಒಂದು ಮಗುವಿಗಾಗಿ ಸೀಸೆ ಒಡೆಯುವುದಿಲ್ಲ’ ಎಂದರೆ ವೈದ್ಯಾಧಿಕಾರಿಯ ಗಮನಕ್ಕೆ ತನ್ನಿ.

ಪ್ರಶ್ನೆ: ಮಂಗನ ಕಾಯಿಲೆಯ ಲಸಿಕೆಯನ್ನು ನಾವು ವರ್ಷ ವರ್ಷ ಹಾಕಿಸಿಕೊಂಡೆವು. ಆದರೂ ನಮ್ಮ ನೆಂಟರಲ್ಲಿ ಇಬ್ಬರಿಗೆ ಕಾಯಿಲೆ ಬಂತು. ಕೊನೆಗೆ ಆ ಲಸಿಕೆಯನ್ನೇ ನಿಲ್ಲಿಸಿದರು. ಈಗ ದಡಾರದ ಲಸಿಕೆಯಿಂದ ರೋಗವನ್ನೇ ತೊಲಗಿಸುತ್ತೇವೆಂದರೆ ನಂಬುವುದು ಹೇಗೆ?
— ಕೃಷಿಕರೊಬ್ಬರು, ಸೊರಬ ತಾಲ್ಲೂಕು

ಉತ್ತರ: ಕ್ಯಾಸನೂರು ಕಾಡು ಇರುವ ತಾಲ್ಲೂಕಿನವರು ಈ ಪ್ರಶ್ನೆ ಕೇಳದಿದ್ದರೇ ಆಶ್ಚರ್ಯ. 1957ರಲ್ಲಿ ಆ ರೋಗವನ್ನು ಜಗತ್ತು ಮೊದಲು ಗುರುತಿಸಿದ್ದು ಅಲ್ಲಿಯೇ. ಅದರ ಹಳೆಯ ಲಸಿಕೆಯಲ್ಲಿದ್ದದ್ದು ಫಾರ್ಮಲಿನ್ ಹಾಕಿ ಕೊಂದ ವೈರಾಣು. ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಒಂದು, ಆಮೇಲೆ ವರ್ಷಕ್ಕೊಂದರಂತೆ ಹಾಕಿಸಿಕೊಂಡರೂ ಅದು ಕೊಡುತ್ತಿದ್ದ ರಕ್ಷಣೆ ಅರೆಬರೆ. ನಿಮ್ಮ ದೂರು ಸರಿಯಾದದ್ದೇ, ಅದನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ.

ದಡಾರದ ಲಸಿಕೆಯ ಜಾತಿಯೇ ಬೇರೆ. ಅದರಲ್ಲಿರುವುದು ಜೀವಂತವಾದ, ಆದರೆ ರೋಗ ತರುವ ಕಸುವನ್ನು ಕಳೆದುಕೊಂಡ ವೈರಾಣು. 1954ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ದಡಾರ ಬಂದಿದ್ದ ಎಡ್ಮನ್‌ಸ್ಟನ್ ಎಂಬ ಹುಡುಗನಿಂದ ಜಾನ್ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್ ಬೇರ್ಪಡಿಸಿದ ವೈರಾಣುವಿನ ಸಂತತಿ ಅದು. 1963ರಿಂದ ಜಗತ್ತು ಈ ಬಗೆಯ ಲಸಿಕೆಯನ್ನು ಬಳಸುತ್ತಿದೆ. ಎರಡು ಡೋಸ್ ಆದ ಮೇಲೆ ನೂರರಲ್ಲಿ ಸುಮಾರು 97 ಮಂದಿಗೆ ರಕ್ಷಣೆ ದೊರೆಯುತ್ತದೆ, ಸಾಮಾನ್ಯವಾಗಿ ಅದು ಜೀವಮಾನವಿಡೀ ಉಳಿಯುತ್ತದೆ. ವರ್ಷ ವರ್ಷ ಹಾಕಿಸಿಕೊಳ್ಳುವ ಪ್ರಮೇಯವಿಲ್ಲ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಲಸಿಕೆಯದ್ದಲ್ಲ, ರೋಗದ್ದು. ಮಂಗನ ಕಾಯಿಲೆಯ ವೈರಾಣು ಕಾಡಿನ ಉಣುಗಿನಲ್ಲಿ, ಇಲಿಯಂಥ ಸಣ್ಣ ಪ್ರಾಣಿಗಳಲ್ಲಿ ತನ್ನ ಪಾಡಿಗೆ ತಾನಿರುತ್ತದೆ. ಜಿಲ್ಲೆಯ ಪ್ರತಿಯೊಬ್ಬ ಮನುಷ್ಯನಿಗೂ ಒಳ್ಳೆಯ ಲಸಿಕೆ ಕೊಟ್ಟರೂ ಕಾಡಿನಲ್ಲಿ ಅದು ಹಾಗೆಯೇ ಉಳಿಯುತ್ತದೆ. ದಡಾರಕ್ಕೆ ಅಂಥ ಅಡಗುತಾಣವಿಲ್ಲ. ಮನುಷ್ಯನಿಂದ ಮನುಷ್ಯನಿಗೆ ದಾಟುತ್ತಲೇ ಅದು ಬದುಕಬೇಕು, ದಾಟಲು ಮುಂದಿನ ಮಗು ಸಿಗದಿದ್ದರೆ ಅಲ್ಲಿಗೆ ಅದರ ಸರಪಳಿ ಕಡಿಯಿತು. ಸಿಡುಬನ್ನು ಭೂಮಿಯಿಂದಲೇ ತೊಲಗಿಸಲು ಸಾಧ್ಯವಾದದ್ದಕ್ಕೂ ಒಂದು ಕಾರಣ ಇದೇ. ತೊಲಗಿಸುವ ಮಾತನ್ನು ದಡಾರದ ವಿಷಯದಲ್ಲಿ ಆಡಬಹುದು, ಮಂಗನ ಕಾಯಿಲೆಯ ವಿಷಯದಲ್ಲಿ ಸದ್ಯಕ್ಕೆ ಆಡುವಂತಿಲ್ಲ.

ಪ್ರಶ್ನೆ: ನನ್ನ ಆರು ವರ್ಷದ ಮಗಳಿಗೆ ಜ್ವರ, ನೆಗಡಿ, ಕಣ್ಣು ಕೆಂಪು. ಮೂರನೆಯ ದಿನ ಕಿವಿಯ ಹಿಂದಿನಿಂದ ಶುರುವಾಗಿ ಮೈಮೇಲೆಲ್ಲ ಕೆಂಪು ದದ್ದು ಎದ್ದಿತು. ಅತ್ತೆಯವರು ‘ಅಮ್ಮ ಬಂದಿದ್ದಾಳೆ, ಆಸ್ಪತ್ರೆಗೆ ಕರೆದೊಯ್ಯಬಾರದು’ ಎಂದು ಬೇವಿನ ಸೊಪ್ಪು ಕಟ್ಟಿ ಒಳಗೆ ಮಲಗಿಸಿದರು. ಈಗ ವಾಸಿಯಾಗಿದ್ದಾಳೆ. ಮಾಡಿದ್ದು ತಪ್ಪೇ?
— ತಾಯಿಯೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಮಗಳು ಚೇತರಿಸಿಕೊಂಡದ್ದು ಸಂತೋಷ. ನಿಮ್ಮ ಅತ್ತೆಯವರು ಮಾಡಿದ್ದರಲ್ಲಿ ಒಂದಂತೂ ಬಹಳ ಸರಿ. ಮಗುವನ್ನು ಬೇರೆ ಕೋಣೆಯಲ್ಲಿ ಇಟ್ಟರು. ಮಾರಿಯಮ್ಮನ ಹೆಸರಿನಲ್ಲಿ ನಮ್ಮ ಹಿರಿಯರು ಪಾಲಿಸಿದ ಮಡಿಯಲ್ಲಿ ಅಂಟುರೋಗದ ಅರಿವು ಇತ್ತೆಂದೇ ನನ್ನ ಎಣಿಕೆ. ಬೇವಿನ ಸೊಪ್ಪಿನಿಂದಲೂ ಹಾನಿಯಿಲ್ಲ.

ಆಸ್ಪತ್ರೆಗೆ ತೋರಿಸದೆ ಇದ್ದದ್ದು ಮಾತ್ರ ತಪ್ಪು. ದದ್ದಿನಿಂದ ಯಾವ ಮಗುವೂ ಸಾಯುವುದಿಲ್ಲ. ದಡಾರದಲ್ಲಿ ಮಕ್ಕಳ ಪ್ರಾಣ ತೆಗೆಯುವುದು ಹಿಂಬಾಲಿಸಿ ಬರುವ ನ್ಯುಮೋನಿಯಾ ಮತ್ತು ಭೇದಿ, ಸಾವಿರಕ್ಕೊಂದು ಮಗುವಿನಲ್ಲಿ ಮಿದುಳಿನ ಊತ. ಮೈಯಲ್ಲಿ ‘ಎ’ ಜೀವಸತ್ವ ಕಡಿಮೆಯಿರುವ ಮಕ್ಕಳಿಗೆ ಕಣ್ಣೇ ಹೋಗಬಹುದು. ಅದಕ್ಕೆಂದೇ ದಡಾರ ಬಂದ ಪ್ರತಿ ಮಗುವಿಗೂ ವಿಟಮಿನ್ ‘ಎ’ ದ್ರಾವಣವನ್ನು ಒಂದು ದಿನ ಬಿಟ್ಟಲ್ಲ, ಸತತ ಎರಡು ದಿನ ಕುಡಿಸುತ್ತಾರೆ. ವರ್ಷ ತುಂಬಿದ ಮಕ್ಕಳಿಗೆ ಪ್ರತಿ ಸಲ 2 ಲಕ್ಷ ಯೂನಿಟ್. ಈ ಅಗ್ಗದ ಔಷಧಿ ನಿಮ್ಮ ಮಗಳಿಗೆ ತಪ್ಪಿಹೋಯಿತು. ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿಯದು. ಬೇರೆ ರೋಗಗಳ ವಿರುದ್ಧ ಮೈ ಅದುವರೆಗೆ ಕೂಡಿಟ್ಟುಕೊಂಡಿದ್ದ ನೆನಪನ್ನು ದಡಾರ ಅಳಿಸಿಹಾಕುತ್ತದೆ, ಅದರಿಂದ ವಾಸಿಯಾದ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಮಗು ಪದೇ ಪದೇ ಕಾಯಿಲೆ ಬೀಳಬಹುದು. ಆದ್ದರಿಂದ ಈ ವರ್ಷ ಅವಳಿಗೆ ಕೆಮ್ಮು ಜ್ವರ ಬಂದರೆ ಉಪೇಕ್ಷಿಸಬೇಡಿ. ಅನ್ನ, ಸೊಪ್ಪು, ಮೊಟ್ಟೆ, ಪಪ್ಪಾಯಿ ಯಾವುದಕ್ಕೂ ಪಥ್ಯ ಬೇಡ.

ಎರಡನೆಯ ಕಾರಣ ಊರಿಗೆ ಸಂಬಂಧಿಸಿದ್ದು. ಜ್ವರದೊಂದಿಗೆ ದದ್ದು ಎದ್ದ ಪ್ರತಿ ಮಗುವಿನ ರಕ್ತವನ್ನೂ ಈಗ ಪರೀಕ್ಷಿಸುತ್ತಾರೆ. ಅದು ದಡಾರವೋ, ರುಬೆಲ್ಲಾವೋ, ಡೆಂಗಿಯೋ, ಇನ್ನೇನೋ ಎಂಬುದು ಕಣ್ಣಿನಿಂದ ನೋಡಿ ಹೇಳಲಾಗದು, ನನ್ನಂಥ ನರೆತ ತಲೆಯವರೂ ಎಷ್ಟೋ ಸಲ ಎಡವಿದ್ದಾರೆ. ಬಾಗಿಲು ಮುಚ್ಚಿಕೊಂಡ ಮನೆಯೊಳಗೆ ಬಂದು ಹೋದ ದಡಾರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. 2025ರ ಮೊದಲ ಮೂರು ತಿಂಗಳಲ್ಲಿ 332 ಜಿಲ್ಲೆಗಳಲ್ಲಿ ಒಂದೂ ದಡಾರ ಪ್ರಕರಣವಿಲ್ಲವೆಂದು ಕೇಂದ್ರ ಸರ್ಕಾರ ಹೇಳಿತು. ಆ ಸೊನ್ನೆಗೆ ಬೆಲೆ ಬರುವುದು ದದ್ದು ಎದ್ದ ಮಕ್ಕಳನ್ನೆಲ್ಲ ಹುಡುಕಿ ಪರೀಕ್ಷಿಸಿದ್ದರೆ ಮಾತ್ರ. ಮಾರಿಕಾಂಬೆಗೆ ಹಣ್ಣುಕಾಯಿ ಮಾಡಿಸಿ, ಆಶಾ ಕಾರ್ಯಕರ್ತೆಗೆ ಫೋನನ್ನೂ ಮಾಡಿ. ಒಂದಕ್ಕೊಂದು ಅಡ್ಡಿಯಿಲ್ಲ.

ಪ್ರಶ್ನೆ: ಸೊಸೆ ಎರಡು ತಿಂಗಳ ಗರ್ಭಿಣಿ. ರುಬೆಲ್ಲಾ ಲಸಿಕೆಯನ್ನು ಈಗ ಹಾಕಿಸಬಹುದೇ?
— ಓದುಗರೊಬ್ಬರು, ಗೋಪಾಳ ಬಡಾವಣೆ, ಶಿವಮೊಗ್ಗ

ಉತ್ತರ: ಬೇಡ. ಇದು ಜೀವಂತ ಲಸಿಕೆಯಾದ್ದರಿಂದ ಗರ್ಭಿಣಿಯರಿಗೆ ಕೊಡುವುದಿಲ್ಲ, ಹೆರಿಗೆಯ ನಂತರ ಹಾಕಿಸಬಹುದು. ಗರ್ಭ ಧರಿಸುವ ಯೋಚನೆಯಿರುವವರು ಲಸಿಕೆಯ ನಂತರ ಒಂದು ತಿಂಗಳು ಕಾಯಬೇಕು. ರುಬೆಲ್ಲಾ ಮಕ್ಕಳಿಗೆ ಬಂದರೆ ಮೂರು ದಿನದ ಸಣ್ಣ ಜ್ವರ. ಆದರೆ ಮೊದಲ ಮೂರು ತಿಂಗಳ ಗರ್ಭಿಣಿಗೆ ತಗುಲಿದರೆ ಹುಟ್ಟುವ ಮಗು ಕಿವುಡಾಗಬಹುದು, ಅದಕ್ಕೆ ಹೃದಯದ ದೋಷವೋ ಕಣ್ಣಿನ ಪೊರೆಯೋ ಇರಬಹುದು. ಗಂಡುಮಕ್ಕಳಿಗೂ ಈ ಲಸಿಕೆಯನ್ನು ಏಕೆ ಹಾಕುತ್ತಾರೆ ಎಂದು ಕೇಳಿದ ಭದ್ರಾವತಿಯ ಓದುಗರಿಗೂ ಉತ್ತರ ಇದರಲ್ಲೇ ಇದೆ. ಆ ಸೋಂಕನ್ನು ಗರ್ಭಿಣಿಯಿರುವ ಮನೆಗೆ ತರುವವನು ಶಾಲೆಗೆ ಹೋಗುವ ಹುಡುಗನೂ ಆಗಿರಬಹುದು. ಸದ್ಯ ದದ್ದು, ಜ್ವರವಿರುವ ಮಕ್ಕಳಿಂದ ಸೊಸೆ ದೂರವಿರಲಿ.

ಪ್ರಶ್ನೆ: ಪೋಲಿಯೋ ಹೋಯಿತೆಂದು ಘೋಷಿಸಿದಂತೆ ದಡಾರವೂ ಹೋಯಿತೆಂದು ಘೋಷಿಸುವುದು ಯಾವಾಗ? ಆಮೇಲೆ ಲಸಿಕೆ ನಿಲ್ಲುತ್ತದೆಯೇ?
— ಕಾಲೇಜು ವಿದ್ಯಾರ್ಥಿ, ಸಾಗರ

ಉತ್ತರ: ಒಂದು ದೇಶದೊಳಗೆ ದಡಾರದ ಹರಡುವಿಕೆ ಕನಿಷ್ಠ ಹನ್ನೆರಡು ತಿಂಗಳು ನಿಂತಿರಬೇಕು, ಕಣ್ಗಾವಲು ಚೆನ್ನಾಗಿರಬೇಕು. ಅದೇ ಸ್ಥಿತಿ ಮೂರು ವರ್ಷ ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆಯ ಪರಿಶೀಲನಾ ಸಮಿತಿ ಅದಕ್ಕೆ ಮುದ್ರೆ ಒತ್ತುತ್ತದೆ. ನಮ್ಮ ನೆರೆಯಲ್ಲಿ ಭೂತಾನ್ ಮತ್ತು ಮಾಲ್ಡೀವ್ಸ್ 2017ರಲ್ಲೇ, ಶ್ರೀಲಂಕಾ 2019ರಲ್ಲಿ ಇದನ್ನು ಸಾಧಿಸಿದವು. ನಮ್ಮಲ್ಲಿ 2022ರ ಕೊನೆಗೆ ಮುಂಬೈಯ ಗೋವಂಡಿಯಂಥ ಕಡೆ ದಡಾರ ಹಬ್ಬಿ ಮಕ್ಕಳು ಸತ್ತರು. 2026ರ ಗಡುವು ಹತ್ತಿರವಿರುವುದರಿಂದ ಅವಸರದ ಘೋಷಣೆಗಳು ಬರಬಹುದು, ಲೆಕ್ಕ ಕೇಳುವುದನ್ನು ಬಿಡಬೇಡಿ.

ಲಸಿಕೆಯಂತೂ ನಿಲ್ಲುವುದಿಲ್ಲ. ಭಾರತದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು, ಹನಿ ಹಾಕುವುದು ಇವತ್ತಿಗೂ ನಡೆದಿದೆ. ಭೂಮಿಯ ಯಾವುದೋ ಮೂಲೆಯಲ್ಲಿ ರೋಗ ಉಳಿದಿರುವತನಕ ವಿಮಾನದಲ್ಲಿ ಅದು ಬರುತ್ತಲೇ ಇರುತ್ತದೆ. ಬ್ರೆಜಿಲ್ ದಡಾರಮುಕ್ತ ಪಟ್ಟವನ್ನು ಕಳೆದುಕೊಂಡು 2024ರಲ್ಲಿ ಮರಳಿ ಪಡೆಯಿತು, ಕೆನಡಾ 2025ರ ನವೆಂಬರ್‌ನಲ್ಲಿ ಕಳೆದುಕೊಂಡಿತು. ಅಲ್ಲಿ ಕೊರತೆಯಾದದ್ದು ಹಣವೂ ಅಲ್ಲ, ಆಸ್ಪತ್ರೆಗಳೂ ಅಲ್ಲ, ಲಸಿಕೆ ಪಡೆದ ಮಕ್ಕಳ ಸಂಖ್ಯೆ.

ಪ್ರಶ್ನೆ: ಅಡಿಕೆ ಕೊಯ್ಲಿಗೆ ನಮ್ಮ ತೋಟಕ್ಕೆ ಬೇರೆ ಜಿಲ್ಲೆಗಳಿಂದ ಕುಟುಂಬಗಳು ಬಂದು ಎರಡು ತಿಂಗಳು ಇರುತ್ತವೆ. ಅವರ ಮಕ್ಕಳಿಗೆ ಇಲ್ಲಿ ಲಸಿಕೆ ಸಿಗುತ್ತದೆಯೇ? ಅವರ ಹತ್ತಿರ ಯಾವ ಕಾರ್ಡೂ ಇಲ್ಲ.
— ತೋಟದ ಮಾಲೀಕರೊಬ್ಬರು, ಕೊಪ್ಪ ರಸ್ತೆ, ತೀರ್ಥಹಳ್ಳಿ

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ನಿಮ್ಮದು. ಲಸಿಕೆ ತಪ್ಪಿದ ಮಕ್ಕಳು ಊರಿಗೊಬ್ಬರಂತೆ ಸಮನಾಗಿ ಚದುರಿದ್ದರೆ ತೊಂದರೆ ಅಷ್ಟಿರಲಿಲ್ಲ. ಅವರು ಒಟ್ಟೊಟ್ಟಿಗೆ ಇರುತ್ತಾರೆ, ಕೊಯ್ಲಿನ ಬಿಡಾರದಲ್ಲಿ, ಇಟ್ಟಿಗೆ ಗೂಡಿನಲ್ಲಿ, ಕಾಫಿ ತೋಟದ ಲೈನಿನಲ್ಲಿ. ಸ್ವಂತ ಊರಿನ ಆಶಾ ಕಾರ್ಯಕರ್ತೆ ಅವರು ಇಲ್ಲಿದ್ದಾರೆ ಎಂದುಕೊಳ್ಳುತ್ತಾರೆ, ಇಲ್ಲಿನವರ ಪಟ್ಟಿಯಲ್ಲಿ ಅವರ ಹೆಸರೇ ಇರುವುದಿಲ್ಲ. ಜಿಲ್ಲೆಯ ಸರಾಸರಿ 95 ದಾಟಿದರೂ ಅಡಿಕೆ ಸುಲಿಯುವ ಒಂದು ಚಪ್ಪರದ ಕೆಳಗೆ ಅದು 40 ಇರಬಹುದು, ದಡಾರಕ್ಕೆ ಆ ಚಪ್ಪರ ಸಾಕು.

ಲಸಿಕೆ ಖಂಡಿತ ಸಿಗುತ್ತದೆ. ಆಧಾರ್, ಪಡಿತರ ಚೀಟಿ, ಸ್ಥಳೀಯ ವಿಳಾಸ ಇಲ್ಲವೆಂದು ಯಾವ ಮಗುವಿಗೂ ನಿರಾಕರಿಸುವಂತಿಲ್ಲ. ಕಾರ್ಡ್ ಕಳೆದಿದ್ದರೂ ಹೆದರಬೇಡಿ. ತಾಯಿಯ ಫೋನ್ ನಂಬರಿನಿಂದ ಯು-ವಿನ್ ತಂತ್ರಾಂಶದಲ್ಲಿ ಹುಡುಕಿದರೆ ಹಿಂದಿನ ಡೋಸುಗಳ ವಿವರ ಸಿಗಬಹುದು. ಸಿಗದಿದ್ದರೆ ಆಗಿಲ್ಲವೆಂದೇ ಭಾವಿಸಿ ಹಾಕುತ್ತಾರೆ, ಒಂದು ಡೋಸ್ ಹೆಚ್ಚಾದರೂ ಅಪಾಯವಿಲ್ಲ. ವಾರ ಹತ್ತು ದಿನದ ಮೇಲೆ ಕೆಲವು ಮಕ್ಕಳಿಗೆ ಸಣ್ಣ ಜ್ವರವೋ ತೆಳು ದದ್ದೋ ಬಂದು ತಾನಾಗಿಯೇ ಹೋಗುತ್ತದೆ. ಇದನ್ನು ತಾಯಂದಿರಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ಮುಂದಿನ ಕೊಯ್ಲಿಗೆ ಅವರು ಸೂಜಿಯ ಹತ್ತಿರ ಸುಳಿಯುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟೇ. ಬಿಡಾರಕ್ಕೆ ಜನ ಬಂದಿಳಿದ ವಾರವೇ ಐದು ವರ್ಷದೊಳಗಿನ ಮಕ್ಕಳ ಹೆಸರು, ವಯಸ್ಸು ಬರೆದು ಹತ್ತಿರದ ಉಪಕೇಂದ್ರಕ್ಕೆ ಕಳಿಸಿ. ಲಸಿಕೆಯ ದಿನ ತಾಯಂದಿರಿಗೆ ಅರ್ಧ ದಿನ ಬಿಡುವು ಕೊಡಿ, ಆ ದಿನದ ಕೂಲಿಯನ್ನು ಮುರಿಯಬೇಡಿ. ಮಕ್ಕಳ ಸಂಖ್ಯೆ ಹೆಚ್ಚಿದ್ದರೆ ನರ್ಸೇ ತೋಟಕ್ಕೆ ಬರುವ ವ್ಯವಸ್ಥೆಯೂ ಇದೆ, ಅಂಗಳದಲ್ಲಿ ಒಂದು ಮೇಜು, ನೆರಳು ಮತ್ತು ಚುಚ್ಚಿದ ಮೇಲೆ ಅರ್ಧ ಗಂಟೆ ಕುಳಿತುಕೊಳ್ಳಲು ಒಂದು ಜಮಖಾನೆ ಇದ್ದರೆ ಸಾಕು.